ಇಂಜಿನ್ ಬದಲಿಸುವ ಮುನ್ನ

ಸೆಕೆಂಡ್ ಹ್ಯಾಂಡ್ ಪಿಕಪ್‌ನ ಡೀಸೆಲ್ ಇಂಜಿನ್ ಸೀಜ್ ಆಯಿತೆಂದು ತಕ್ಷಣ ಗುಜರಿಗೆ ಓಡಬೇಡಿ. ಮೊದಲು ಬಿಚ್ಚಿಸಿ ನೋಡಿ: ರೇಡಿಯೇಟರ್ ಕಟ್ಟಿಕೊಂಡಿತ್ತೋ, ಆಯಿಲ್ ಪಂಪ್ ಕೈಕೊಟ್ಟಿತೋ, ಇಂಜೆಕ್ಟರ್ ತೊಟ್ಟಿಕ್ಕಿ ಪಿಸ್ಟನ್ ಸುಟ್ಟಿತೋ? ಆ ಕಾಯಿಲೆ ಉಳಿದರೆ ಹೊಸದಾಗಿ ಕೂರಿಸಿದ್ದಕ್ಕೂ ಅದೇ ಗತಿ.

ಹಳೇ ಇಂಜಿನ್ ಕೊಳ್ಳುವುದಾದರೆ ನಿಮ್ಮೆದುರೇ ಸ್ಟಾರ್ಟ್ ಮಾಡಿಸಿ. ಸ್ವಲ್ಪ ಬಿಸಿಯಾದ ಮೇಲೆ ಆಯಿಲ್ ಹಾಕುವ ಮುಚ್ಚಳ ತೆಗೆಸಿ. ಅಲ್ಲಿಂದ ಹೊಗೆ ಬುಸುಬುಸು ಎದ್ದರೆ ರಿಂಗು ಸವೆದಿರುತ್ತದೆ. ಮಾರುವವರ ಮಾತು ಎಷ್ಟೇ ಸಿಹಿಯಾಗಿರಲಿ, ಎದ್ದು ಬನ್ನಿ. ಬಿಎಸ್-4 ಗಾಡಿಗೆ ಬಿಎಸ್-4ರದ್ದೇ ಇರಲಿ. ಗೇರ್‌ಬಾಕ್ಸ್ ಇಳಿದಾಗಲೇ ಕ್ಲಚ್ ಪ್ಲೇಟ್, ಹಿಂದಿನ ಆಯಿಲ್ ಸೀಲ್ ಬದಲಿಸಿಬಿಡಿ, ಎರಡನೇ ಸಲದ ಕೂಲಿ ಉಳಿಯುತ್ತದೆ.

ಬಿಲ್ಲಿನಲ್ಲಿ ಇಂಜಿನ್ ನಂಬರ್ ಬರೆಸಿಕೊಂಡು, 14 ದಿನದೊಳಗೆ ಆರ್‌ಟಿಓಗೆ ತಿಳಿಸಿ ಆರ್‌ಸಿಯಲ್ಲಿ ತಿದ್ದಿಸಿ. ಇನ್ಶೂರೆನ್ಸ್‌ನವರಿಗೂ ಹೇಳಿ, ಇಲ್ಲದಿದ್ದರೆ ಕ್ಲೇಮ್ ಹೊತ್ತಿಗೆ ನಂಬರ್ ತಾಳೆಯಾಗದೆ ತಕರಾರು ಶುರುವಾದೀತು.