ಗಲಗಲಿಯ ದಂಡು ಮೇಜಿನ ಮೇಲೆ

ಇತಿಹಾಸದ ಕಾಳಗಗಳನ್ನು ಪುಟ್ಟ ಗೊಂಬೆ ಸೈನಿಕರನ್ನಿಟ್ಟು ಮೇಜಿನ ಮೇಲೆ ಆಡುವ ಹವ್ಯಾಸ ಹೊಸದಲ್ಲ. ಎಚ್.ಜಿ. ವೆಲ್ಸ್ 1913ರಲ್ಲೇ ‘ಲಿಟಲ್ ವಾರ್ಸ್’ ಪುಸ್ತಕದಲ್ಲಿ ಗೊಂಬೆ ಸೈನಿಕರ ಆಟಕ್ಕೆ ನಿಯಮ ಬರೆದಿಟ್ಟ. ಸೈನಿಕರು, ಕುದುರೆ, ಆನೆ ಕೊಂಡರೆ ಸಿಗುತ್ತವೆ. ದಖ್ಖನ್ನಿನ ಪಾಳೆಯವನ್ನು ಮಾತ್ರ ನಾವೇ ಮಾಡಿ ಬಣ್ಣ ಹಚ್ಚಬೇಕು. ವಿಜಯಪುರದಲ್ಲಿ ಕೂತು ಆ ಕೆಲಸ ಮಾಡುತ್ತ ಬಂದವನ ಅನುಭವದ ಮಾತುಗಳು ಇವು.

1. ಬ್ರಷ್ ಹಿಡಿಯುವ ಮೊದಲು ವರ್ಷ ಮತ್ತು ತಿಂಗಳು ಗೊತ್ತುಮಾಡಿ. ತಾಳಿಕೋಟೆ ಕಾಳಗ ನಡೆದದ್ದು 1565ರ ಜನವರಿ 23ರಂದು. ಆಗ ಹಿಂಗಾರಿ ಜೋಳ ಹೊಲದಲ್ಲಿ ನಿಂತಿರುತ್ತದೆ. ಔರಂಗಜೇಬನಿಗೆ ವಿಜಯಪುರ ಶರಣಾದದ್ದು 1686ರ ಸೆಪ್ಟೆಂಬರಿನಲ್ಲಿ. ಅದು ಮಳೆಗಾಲದ ರಾಡಿ. ನನ್ನ ಮನಸ್ಸು ಹಿಡಿದದ್ದು ಮೂರನೆಯದು. ವಿಜಯಪುರದಿಂದ ಬಬಲೇಶ್ವರ ದಾಟಿ ಮುಂದೆ ಹೋದರೆ ಕೃಷ್ಣೆಯ ದಂಡೆಯಲ್ಲಿ ಗಲಗಲಿ. 1695ರ ಮಾರ್ಚಿನಲ್ಲಿ ಇಟಲಿಯ ಪ್ರವಾಸಿ ಜೆಮೆಲ್ಲಿ ಕರೇರಿ ಅಲ್ಲಿ ಔರಂಗಜೇಬನ ಪಾಳೆಯ ಕಂಡು ಬರೆದಿಟ್ಟಿದ್ದಾನೆ. ಮಾರ್ಚ್ ಎಂದರೆ ಜೋಳ ಕೊಯ್ದಾಗಿದೆ, ನೆಲದಲ್ಲಿ ಕೂಳೆ ಉಳಿದಿದೆ, ಕಣಿಕಿ ಬಣವಿ ಎದ್ದಿವೆ, ಎರೆ ಬಿರಿಯತೊಡಗಿದೆ. ತಿಂಗಳು ಗೊತ್ತಾದರೆ ಅರ್ಧ ಬಣ್ಣ ತಾನೇ ಗೊತ್ತಾಗುತ್ತದೆ.

2. ಎರೆ ಹೊಲಕ್ಕೆ ಕಪ್ಪು ಬಳಿಯಬೇಡಿ. ಒಣಗಿದ ಎರೆ ಕಪ್ಪಲ್ಲ, ಬೂದಿ ಬೆರೆತ ಕಂದು. ನಮ್ಮ ಮಣ್ಣು ಒದ್ದೆಯಾದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಆ ಗುಣವನ್ನೇ ದುಡಿಸಿಕೊಳ್ಳಿ. ಹೊಲದ ಮಣ್ಣನ್ನು ಚಹಾ ಸೋಸುವ ಜರಡಿಯಲ್ಲಿ ಜಾಲಿಸಿ, ನೀರಲ್ಲಿ ಕಲಸಿ, ಹಲಗೆಯ ಮೇಲೆ ತೆಳ್ಳಗೆ ಹರವಿ ನೆರಳಲ್ಲಿ ಒಣಗಿಸಿ. ಪದರ ತೆಳುವಿದ್ದಷ್ಟೂ ಬಿರುಕು ಸಣ್ಣದಾಗುತ್ತದೆ. ದಪ್ಪ ಹಚ್ಚಿದರೆ ಗೊಂಬೆಯ ಕಾಲೇ ಸಿಕ್ಕಿಕೊಳ್ಳುವಂಥ ಹಳ್ಳಗಳು ಬೀಳುತ್ತವೆ. ಬಿರಿದ ಮೇಲೆ ನೀರಾದ ಫೆವಿಕಾಲನ್ನು ಹನಿಹನಿಯಾಗಿ ಕುಡಿಸಿ ಗಟ್ಟಿಮಾಡಿ. ಅದು ಪೂರ್ತಿ ಒಣಗಿದ ನಂತರ ಕಡುಗಂದು ಬಳಿದು, ಮೇಲೆ ಬೂದುಗಂದು ಬಣ್ಣವನ್ನು ಒಣ ಬ್ರಷ್ಷಿನಿಂದ ಸವರಿ. ಜನ ನಡೆದ ದಾರಿ ಇನ್ನೂ ತಿಳಿಯಾಗಲಿ. ಚರ್ಮದ ಪಖಾಲಿಯಿಂದ ನೀರು ಸೋರಿದ ಜಾಗ ಮಾತ್ರ ಕಪ್ಪಾಗಿ, ಒಂದಿಷ್ಟು ವಾರ್ನಿಷ್ ಹೊಳಪಿನಲ್ಲಿ ಉಳಿಯಲಿ. ಪಾಳೆಯ ಮಡ್ಡಿಯ ಮೇಲಿದ್ದರೆ ಈ ಉಪಾಯ ನಡೆಯುವುದಿಲ್ಲ. ಟಿಕೋಟಾ ಕಡೆಯ ಮಡ್ಡಿಗೆ ಗರಸು ಬೇಕು, ಕೆಂಪು ಛಾಯೆ ಬೇಕು.

3. ಇಂದು ಕಾಣುವುದೆಲ್ಲ ಅಂದು ಇರಲಿಲ್ಲ. ಟಿಕೋಟಾದ ದ್ರಾಕ್ಷಿ ಪಡಗಳು ಈ ಕಾಲದವು. ರಸ್ತೆಯುದ್ದಕ್ಕೂ ಹಬ್ಬಿರುವ ಬಳ್ಳಾರಿ ಜಾಲಿ ಭಾರತಕ್ಕೆ ಬಂದದ್ದೇ 19ನೇ ಶತಮಾನದಲ್ಲಿ. ಬೇವು, ಕರಿಜಾಲಿ, ಬಾರಿ ಗಿಡ ಇಡಿ. ಗೋಳಗುಮ್ಮಟ ಹಿನ್ನೆಲೆಯಲ್ಲಿ ಬೇಕೇ ಬೇಕೆನ್ನುವವರಿಗೆ ಒಂದು ಲೆಕ್ಕ: 28 ಮಿ.ಮೀ. ಗೊಂಬೆಯ ಅಳತೆಯಲ್ಲಿ ಒಂದು ಅಡಿಗೆ ಸುಮಾರು 5 ಮಿ.ಮೀ. ಹಿಡಿಯಬೇಕು. ಆ ಲೆಕ್ಕದಲ್ಲಿ ಗುಮ್ಮಟ ಮುಕ್ಕಾಲು ಮೀಟರನ್ನೂ ಮೀರಿ ಮೇಜನ್ನೇ ನುಂಗುತ್ತದೆ.

4. ಕೆಂಪು ಡೇರೆ ಬಾದಶಹನಿಗೆ ಮಾತ್ರ. ಮೊಘಲ ಪಾಳೆಯದಲ್ಲಿ ಅರಸನ ಡೇರೆಗಳ ಸುತ್ತ ಕೆಂಪು ಬಟ್ಟೆಯ ಗೋಡೆ ಏಳುತ್ತಿತ್ತು. ಗಲಗಲಿಯಲ್ಲಿ ಅರಸನ ಬಿಡಾರದ ಸುತ್ತಳತೆಯೇ ಮೂರು ಮೈಲಿ, ಇಡೀ ಪಾಳೆಯದ್ದು ಮೂವತ್ತು ಮೈಲಿ ಎಂದು ಕರೇರಿ ಬರೆದಿದ್ದಾನೆ. ಕೆಂಪು ಹಚ್ಚುವಾಗ ಮೊದಲು ಕಂದುಗೆಂಪು, ಆಮೇಲೆ ಕೆಂಪು. ಬಿಸಿಲಿಗೆ ಮಾಸಿದ ಅಂಚಿಗೆ ಚೂರು ಕೇಸರಿ ಸೇರಿಸಿ. ಬಿಳಿ ಬೆರೆಸಿದರೆ ಗುಲಾಬಿಯಾಗಿ ಕೆಡುತ್ತದೆ. ಉಳಿದವರ ಡೇರೆಗೆ ಹಳೆಯ ಧೋತರದ ತುಂಡನ್ನು ಫೆವಿಕಾಲ್ ನೀರಲ್ಲಿ ಅದ್ದಿ ಬಿದಿರು ಕಡ್ಡಿಗಳ ಮೇಲೆ ಹೊದಿಸಿದರೆ ನೆರಿಗೆ ತಾನಾಗಿ ಬೀಳುತ್ತದೆ. ಅದರ ಬುಡಕ್ಕೆ ಗೇಣುದ್ದ ಧೂಳಿನ ಬಣ್ಣ ಏರಿರಬೇಕು. ಗೇಣೆಂದರೆ ಗೊಂಬೆಯ ಗೇಣು.

ಪಾಳೆಯದ ಎತ್ತರದ ಕಂಬದ ತುದಿಯ ಆಕಾಶದೀಪವನ್ನು ಬಿಡಬೇಡಿ. ಐನ್-ಇ-ಅಕ್ಬರಿಯ ಪ್ರಕಾರ ಆ ಕಂಬದ ಎತ್ತರ 40 ಗಜ, ಅದನ್ನು ಬಿಗಿದದ್ದು 16 ಹಗ್ಗ. ರಾತ್ರಿ ದಾರಿ ತಪ್ಪಿದ ಸಿಪಾಯಿಗೆ ಅದೇ ಗುರುತು. ನಮ್ಮ ಅಳತೆಗೆ ಅರ್ಧ ಮೀಟರಿಗೂ ಮಿಕ್ಕ ಎತ್ತರದ ಕಡ್ಡಿ.

5. ಸೈನಿಕರು ಕಡಿಮೆ, ಬಾಜಾರು ಹೆಚ್ಚು. ನನ್ನ ಮಟ್ಟಿಗೆ ಉಳಿದ ಪಾಠಗಳಿಗಿಂತ ಇದು ದೊಡ್ಡದು. ಗಲಗಲಿಯಲ್ಲಿ 60,000 ಕುದುರೆ ದಂಡು, ಒಂದು ಲಕ್ಷ ಕಾಲಾಳು, 50,000 ಒಂಟೆ, 3,000 ಆನೆ ಎಂದು ಕರೇರಿಗೆ ಹೇಳಿದರು. ಅಲ್ಲಿ 250 ಬಾಜಾರು ಇದ್ದವು ಎಂದೂ ಅವನು ಬರೆದಿದ್ದಾನೆ. ವ್ಯಾಪಾರಿಗಳು, ಕಸಬುದಾರರು ಸೈನಿಕರಿಗಿಂತ ಎಷ್ಟೋ ಹೆಚ್ಚಿದ್ದರು. ವಿಜಯನಗರದ ದಂಡಿನದೂ ಇದೇ ಕಥೆ. 1520ರ ರಾಯಚೂರು ದಂಡಯಾತ್ರೆಯಲ್ಲಿ ಚರ್ಮದ ಚೀಲ ಹೊತ್ತ 12,000 ಜನ ದಾರಿಯುದ್ದಕ್ಕೂ ನೀರು ಕೊಡಲೆಂದೇ ನಿಂತಿದ್ದರು ಎನ್ನುತ್ತಾನೆ ಪೋರ್ಚುಗೀಸ್ ಬರಹಗಾರ ನೂನಿಜ್. ಆದ್ದರಿಂದ ಹತ್ತು ಗೊಂಬೆ ಇಟ್ಟರೆ ಏಳು ಗೊಂಬೆಗಳ ಕೈಯಲ್ಲಿ ಆಯುಧ ಇರಬಾರದು. ರೊಟ್ಟಿ ಬಡಿಯುವವಳು, ಲಾಳ ಕಟ್ಟುವವನು, ಅಗಸ, ದವಸದ ಎತ್ತುಗಳ ಹಿಂಡು ತಂದ ಬಂಜಾರರು. ಎತ್ತಿನ ಎರಡೂ ಪಕ್ಕ ಇಳಿಬಿದ್ದ ಗೋಣಿಯ ಭಾರ ಅದರ ಬೆನ್ನಿನ ಬಾಗಿನಲ್ಲಿ ಕಾಣಬೇಕು. 1685ರಲ್ಲಿ ವಿಜಯಪುರವನ್ನು ಮುತ್ತಿದ್ದ ಮೊಘಲ ಶಹಜಾದಾ ಆಜಮನ ದಂಡು ಹಸಿವಿನಿಂದ ಕಂಗೆಟ್ಟಾಗ ಅದನ್ನು ಉಳಿಸಿದ್ದು ಸೇನಾನಿ ಫಿರೋಜ್ ಜಂಗ್ ತಂದ ದವಸ. ಆ ಪಾಳೆಯ ಮಾಡುವವರು ಗೋಣಿಗಳನ್ನು ಬರಿದಾಗಿ ಮಡಚಿಡಿ.

6. ಮಲಿಕ್-ಎ-ಮೈದಾನ್ ತೋಪು ಗಲಗಲಿಗೆ ಬೇಡ. ಸುಮಾರು 55 ಟನ್ ತೂಕದ ಆ ತೋಪಿನ ಜಾಗ ವಿಜಯಪುರದ ಬುರುಜು.

7. ಬದುಕಿರುವ ಪಾಳೆಯ ನೋಡಿ. ಕಬ್ಬು ಕಡಿಯುವ ಗ್ಯಾಂಗಿನ ಗುಡಿಸಲುಗಳು ಬಬಲೇಶ್ವರದ ಸುತ್ತ ಪ್ರತಿ ಹಂಗಾಮಿನಲ್ಲಿ ಏಳುತ್ತವೆ. ಎರೆ ಹೊಲದಲ್ಲಿ ಕುರಿ ಹಿಂಡು ತರುಬಿದ ಕುರುಬರ ಬಿಡಾರವೂ ಹಾಗೆಯೇ: ಕಂಬಳಿ ಎಲ್ಲಿ ಹರವಿದೆ, ಮೂರು ಕಲ್ಲಿನ ಒಲೆ ಗಾಳಿಯ ಯಾವ ಮಗ್ಗುಲಿಗಿದೆ, ನಾಯಿ ಎಲ್ಲಿ ಮಲಗಿದೆ ಎಂದು ಗಮನಿಸಿ. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆಯ ದನದ ಸಂತೆ ತೊರವಿಯಲ್ಲಿ ಸೇರಿದಾಗ ಇಡೀ ದಿನ ಅಲ್ಲೇ ಕಳೆಯಿರಿ. ಚಕ್ಕಡಿಯ ನೊಗ ನೆಲಕ್ಕೆ ಹೇಗೆ ಊರುತ್ತಾರೆ, ಗೂಟದ ಸುತ್ತ ಎತ್ತು ತುಳಿದ ವರ್ತುಲ ಎಷ್ಟಗಲ, ಸಗಣಿ ಒಣಗುತ್ತ ಯಾವ ಬಣ್ಣಕ್ಕೆ ತಿರುಗುತ್ತದೆ ಎಂಬುದನ್ನು ಯಾವ ಪುಸ್ತಕವೂ ಇಷ್ಟು ಚೆನ್ನಾಗಿ ಹೇಳುವುದಿಲ್ಲ. ಫೋಟೊ ತೆಗೆಯುವ ಮೊದಲು ಅವರನ್ನು ಕೇಳಿ. ಅದು ಅವರ ಮನೆ.

8. ಎಲ್ಲವನ್ನೂ ಹಲಗೆಗೆ ಅಂಟಿಸಬೇಡಿ. ಈ ಆಟಕ್ಕೆ 1990ರಿಂದ ಚಾಲ್ತಿಯಲ್ಲಿರುವ ಡಿ.ಬಿ.ಎ. ನಿಯಮಗಳಲ್ಲಿ ಪಾಳೆಯ ಕೈತಪ್ಪಿದರೆ ಅದು ಸೋಲಿನ ಲೆಕ್ಕಕ್ಕೆ ಸೇರುತ್ತದೆ. ಇತಿಹಾಸದಲ್ಲೂ ಹಾಗೆಯೇ. ತಾಳಿಕೋಟೆಯಲ್ಲಿ ಗೆದ್ದ ದಖ್ಖನ್ ಸುಲ್ತಾನರ ದಂಡಿನವರು ವಿಜಯನಗರದ ಪಾಳೆಯದ ಚಿನ್ನ, ಡೇರೆ, ಕುದುರೆ, ಆಯುಧ ದೋಚಿದರು. ಸಿಕ್ಕಿದ್ದು ಸಿಕ್ಕವರಿಗೇ ಎಂದು ಬಿಟ್ಟ ಸುಲ್ತಾನರು ಆನೆಗಳನ್ನು ಮಾತ್ರ ತಮಗಿಟ್ಟುಕೊಂಡರು ಎಂದು ಇತಿಹಾಸಕಾರ ಫಿರಿಶ್ತಾ ಬರೆದಿದ್ದಾನೆ. ಡೇರೆ, ಗೋಣಿ, ಎತ್ತು, ಪೆಟ್ಟಿಗೆಗಳನ್ನು ಬಿಡಿಯಾಗಿಡಿ. ಪಾಳೆಯ ಕಳೆದುಕೊಂಡ ಆಟಗಾರ ಅವನ್ನು ಒಂದೊಂದಾಗಿ ಎತ್ತಿ ಎದುರಾಳಿಗೆ ಕೊಡಲಿ.