ಸೋಡಿಯಂ ಇಲ್ಲದ ಬಾಟಲಿ

ಪಿಎಚ್‌.ಡಿ.ಯ ಎರಡನೇ ವರ್ಷ. ಕರುಳಿನ ಒಳಪದರದ ಜೀವಕೋಶಗಳು ತಮ್ಮೊಳಗಿನ ಆಮ್ಲೀಯತೆಯನ್ನು ಹೇಗೆ ಹತೋಟಿಯಲ್ಲಿಡುತ್ತವೆ ಎಂಬುದು ನನ್ನ ವಿಷಯ. ಸಾಕುತ್ತಿದ್ದದ್ದು ಕಾಕೋ-2 ಕೋಶಗಳನ್ನು. ಇವುಗಳ ಮೂಲ ದೊಡ್ಡ ಕರುಳಿನ ಕ್ಯಾನ್ಸರ್ ಗೆಡ್ಡೆ. ಆದರೂ ಫಿಲ್ಟರ್ ಮೇಲೆ ಮೂರು ವಾರ ಬೆಳೆಸಿದರೆ ಸಣ್ಣ ಕರುಳಿನ ಕೋಶಗಳ ಹಾಗೆ ಒತ್ತೊತ್ತಾಗಿ ನಿಲ್ಲುತ್ತವೆ.

ಕೋಶದೊಳಗೆ ಬಿಸಿಇಸಿಎಫ್ ಎಂಬ ಬಣ್ಣ ತುಂಬಿ, 490 ಮತ್ತು 440 ನ್ಯಾನೊಮೀಟರ್ ಬೆಳಕನ್ನು ಒಂದಾದ ಮೇಲೊಂದು ಹಾಯಿಸುತ್ತಿದ್ದೆ. ಹೊಳಪಿನ ಅನುಪಾತದಿಂದ ಪಿಎಚ್ ತಿಳಿಯುತ್ತದೆ. ಅಮೋನಿಯಂ ಕ್ಲೋರೈಡ್ ಹಾಕಿದರೆ ಅಮೋನಿಯಾ ಒಳನುಗ್ಗಿ ಪ್ರೋಟಾನುಗಳನ್ನು ಹಿಡಿದುಕೊಳ್ಳುತ್ತದೆ, ಪಿಎಚ್ ಏರುತ್ತದೆ. ತೊಳೆದರೆ ಅಮೋನಿಯಾ ಹೊರಟುಹೋಗಿ ಪ್ರೋಟಾನುಗಳು ಒಳಗೇ ಉಳಿಯುತ್ತವೆ. 7.2ರ ಆಸುಪಾಸಿನಲ್ಲಿದ್ದ ಪಿಎಚ್ 6.6ರ ಹತ್ತಿರಕ್ಕೆ ಕುಸಿಯುತ್ತದೆ. ಆರೋಗ್ಯವಂತ ಕೋಶ ಕೆಲವೇ ನಿಮಿಷಗಳಲ್ಲಿ ಚೇತರಿಸಿಕೊಳ್ಳಬೇಕು.

ಒಂದು ದಿನ ಪಿಎಚ್ ತೋರಿಸುವ ಗೆರೆ ಮೇಲೇಳಲೇ ಇಲ್ಲ. ಮೂರು ಫಿಲ್ಟರುಗಳಲ್ಲೂ ಅದೇ ಕಥೆ. ಕೋಶಗಳು ಸತ್ತಿವೆ ಎಂದು ಪುಸ್ತಕದಲ್ಲಿ ಬರೆದು, ಮೇಜು ಒರೆಸುವಾಗ ಬಾಟಲಿಯ ಚೀಟಿ ಕಣ್ಣಿಗೆ ಬಿತ್ತು. ನನ್ನದೇ ಕೈಬರಹ: ಎನ್‌ಎಂಡಿಜಿ. ಸೋಡಿಯಂ ಬದಲು ಬೇರೊಂದು ಅಯಾನು ಹಾಕಿದ ದ್ರಾವಣ. ನಾಲ್ಕನೇ ಫಿಲ್ಟರಿನಲ್ಲಿ ಎಲ್ಲವನ್ನೂ ಮತ್ತೆ ಮಾಡಿ, ಗೆರೆ ತಳ ಮುಟ್ಟಿದ ಮೇಲೆ 140 ಮಿಲಿಮೋಲಾರ್ ಸೋಡಿಯಂ ಇರುವ ದ್ರಾವಣ ಹರಿಸಿದೆ. ಗೆರೆ ನೋಡನೋಡುತ್ತಿದ್ದಂತೆ ಎದ್ದಿತು.

ಪ್ರೋಟಾನು ತಾನಾಗಿ ಹೊರಹೋಗುವುದಿಲ್ಲ. ಒಂದು ಸೋಡಿಯಂ ಒಳಬಂದರೆ ಒಂದು ಪ್ರೋಟಾನು ಹೊರಕ್ಕೆ: ಎನ್‌ಎಚ್‌ಇ ಪ್ರೋಟೀನುಗಳ ವಿನಿಮಯ ಇದು. ರಕ್ತದ ಕಡೆ ಎನ್‌ಎಚ್‌ಇ1, ಕರುಳಿನ ಟೊಳ್ಳಿನ ಕಡೆ ಎನ್‌ಎಚ್‌ಇ3. ಹೀಗೆ ಆಮ್ಲ ಹೊರಹಾಕುವ ಬಾಗಿಲೇ ಉಪ್ಪು ಹೀರುವ ಬಾಗಿಲೂ ಹೌದು. ಕಾಲರಾದಲ್ಲಿ ಎನ್‌ಎಚ್‌ಇ3ರ ಕೆಲಸ ಕುಗ್ಗುತ್ತದೆ. ಆದರೆ ಗ್ಲೂಕೋಸಿನ ಜೊತೆ ಸೋಡಿಯಂ ಒಳಬರುವ ದಾರಿ ತೆರೆದೇ ಇರುತ್ತದೆ. ಓಆರ್‌ಎಸ್ ನಿಂತಿರುವುದು ಆ ದಾರಿಯ ಮೇಲೆ: ಲೀಟರಿಗೆ 75 ಮಿಲಿಮೋಲ್ ಸೋಡಿಯಂ, 75 ಮಿಲಿಮೋಲ್ ಗ್ಲೂಕೋಸ್.

ಕೋಶ ಏನು ಮಾಡಲಿಲ್ಲ ಎಂದು ಬರೆಯುವ ಮೊದಲು ನಾನು ಅದಕ್ಕೆ ಏನು ಕೊಟ್ಟಿದ್ದೆ ಎಂದು ನೋಡಬೇಕು. ಅಂದಿನಿಂದ ನನ್ನ ಪುಸ್ತಕದಲ್ಲಿ ಪ್ರತಿ ಪ್ರಯೋಗದ ಮೊದಲ ಸಾಲು ದ್ರಾವಣದ ಪಟ್ಟಿ. ‘ಸತ್ತಿವೆ’ ಎಂದು ಬರೆದ ಪುಟವನ್ನೂ ಹರಿದಿಲ್ಲ. ಹೊಸದಾಗಿ ಬರುವ ವಿದ್ಯಾರ್ಥಿಗಳಿಗೆ ಮೊದಲು ತೋರಿಸುವುದು ಅದನ್ನೇ.

ಹೋದ ವರ್ಷ ತಮ್ಮನ ಮಗುವಿಗೆ ಭೇದಿಯಾದಾಗ ಓಆರ್‌ಎಸ್ ಪೊಟ್ಟಣ ಒಡೆದು ಅಳೆದ ನೀರಿಗೆ ಕಲಸಿದೆ. ಚಮಚ ಚಮಚವಾಗಿ ಕುಡಿಸುತ್ತಿದ್ದಾಗ ಕಣ್ಣ ಮುಂದೆ ಬಂದದ್ದು ತಳದಿಂದ ಎದ್ದ ಆ ಗೆರೆ.