ಎಂಜಿನ್ ಡ್ರಾ ಅಂದಿತ್ತು

ಮೈಸೂರು

ಚಿ. ಪುಟ್ಟಿಗೆ,

ಎಲ್ಲ ಸಮಾಚಾರವನ್ನೂ ನಿಮ್ಮಮ್ಮ ಫೋನಿನಲ್ಲಿ ಹೇಳಿದಳು. ಮೊಬೈಲಿನ ಕಂಪ್ಯೂಟರನ್ನು ಮೇಲಿನ ಲೆವೆಲ್ಲಿನಲ್ಲೇ ಸೋಲಿಸುವ ನೀನು ಚೆಸ್ ಟೂರ್ನಮೆಂಟಿನಲ್ಲಿ ರೇಟಿಂಗೇ ಇಲ್ಲದ ನಿವೃತ್ತ ಮೇಷ್ಟ್ರೊಬ್ಬರಿಗೆ ಸೋತೆಯಂತೆ. "ಅವರು ಆಡಿದ್ದೆಲ್ಲ ತಪ್ಪು ನಡೆ, ಎಂಜಿನ್ನಿಗೆ ಹಾಕಿ ನೋಡಿದೆ" ಅಂತ ಮುಖ ಊದಿಸಿಕೊಂಡಿದ್ದೀಯಂತೆ. ತಪ್ಪೇ ಇರಬಹುದು ಕಣೇ. ಆದರೆ ಅದು ತಪ್ಪು ಅಂತ ಅವತ್ತು ಬೋರ್ಡಿನ ಮೇಲೆ ತೋರಿಸಬೇಕಿದ್ದವಳು ನೀನು. ಮನೆಗೆ ಬಂದಮೇಲೆ ಎಂಜಿನ್ ತೋರಿಸಿದರೆ ಮೇಷ್ಟ್ರಿಗೇನು ನಷ್ಟ?

2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ನಡೆದ ಆಟವನ್ನೇ ತೆಗೆದುಕೋ. ವಿಶ್ವ ಚಾಂಪಿಯನ್‌ಷಿಪ್‌ನ ಹದಿನಾಲ್ಕನೆಯ, ಕೊನೆಯ ಆಟ. ಅಲ್ಲಿಯವರೆಗೆ ಗುಕೇಶ್, ಡಿಂಗ್ ಲಿರೆನ್ ಇಬ್ಬರಿಗೂ ತಲಾ ಆರೂವರೆ ಅಂಕ. ಗುಕೇಶ್ ಕಪ್ಪು ಕಾಯಿ. ಇಬ್ಬರ ಹತ್ತಿರವೂ ಒಂದೊಂದು ಆನೆ, ಒಂದೊಂದು ಒಂಟೆ. ಗುಕೇಶ್ ಕಡೆ ಒಂದೇ ಒಂದು ಕಾಲಾಳು ಹೆಚ್ಚು. ಎಂಜಿನ್ ಪ್ರಕಾರ ಡ್ರಾ. ಪಂದ್ಯ ಟೈಬ್ರೇಕಿಗೆ ಹೋಗುತ್ತದೆ ಅಂತ ನೋಡುವವರೆಲ್ಲ ಅಂದುಕೊಂಡಿದ್ದರು. ಹುಡುಗ ಮಾತ್ರ ಪಟ್ಟು ಬಿಡಲಿಲ್ಲ. ಗೆಲ್ಲಲಾಗದ ಆಟವನ್ನು ಹಿಡಿದು ಜಗ್ಗುತ್ತಲೇ ಇದ್ದ. 55ನೇ ನಡೆಯಲ್ಲಿ ಡಿಂಗ್ ಲಿರೆನ್ ಆನೆಯನ್ನು ಎಫ್2 ಮನೆಗೆ ತಂದಿಟ್ಟರು. ಆನೆಗೆ ಆನೆ ಹೋಯಿತು. ಅವರ ಒಂಟೆ ಎ8ರ ಮೂಲೆಯಲ್ಲಿತ್ತು. ಗುಕೇಶನ ಒಂಟೆ ಡಿ5ಕ್ಕೆ ಬಂದು ನಿಂತ ಮೇಲೆ ಅದಕ್ಕೆ ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಒಂಟೆಗಳೂ ಹೋದವು. ಉಳಿದದ್ದು ಬರೀ ರಾಜ, ಕಾಲಾಳು. ಹೆಚ್ಚಿನ ಆ ಒಂದು ಕಾಲಾಳು ಸಾಕಾಯಿತು. 58ನೇ ನಡೆಗೆ ಡಿಂಗ್ ಸೋಲೊಪ್ಪಿಕೊಂಡರು. ಗುಕೇಶ್ ಅಳುತ್ತಲೇ ಕಾಯಿಗಳನ್ನೆಲ್ಲ ಮತ್ತೆ ಸಾಲಾಗಿ ಜೋಡಿಸಿಟ್ಟ, ನೋಡಿದ್ದೀಯಲ್ಲ.

ಮೊಬೈಲಿನ ಎಂಜಿನ್ ಆ ಜಾಗದಲ್ಲಿ ನೂರು ಸಲ ಕೂತರೂ ಆ ತಪ್ಪು ಮಾಡುವುದಿಲ್ಲ. ಡಿಂಗ್ ಮಾಡಿದರು. ನವೆಂಬರ್ 25ರಿಂದ ಆಡಿ ಆಡಿ ಬಂದ ದಣಿವು, ಅವತ್ತು ಗಂಟೆಗಟ್ಟಲೆ ಕೂತದ್ದು, ಇನ್ನೇನು ಡ್ರಾ ಆಗಿಬಿಡುತ್ತದೆ ಅನ್ನುವ ಆಸೆ, ಇದರಲ್ಲಿ ಯಾವುದಿತ್ತೋ ಅವರಿಗೇ ಗೊತ್ತು. ಪರದೆಯ ಮೇಲೆ ಸೊನ್ನೆ ಅಂತ ಬಂದರೆ ಇಬ್ಬರೂ ಸರಿಯಾಗಿ ಆಡಿದರೆ ಸಮ ಅಂತ, ಅಷ್ಟೇ. ಸರಿಯಾಗಿ ಆಡುವುದು ಇಬ್ಬರಲ್ಲಿ ಯಾರಿಗೆ ಹೆಚ್ಚು ಕಷ್ಟ ಅನ್ನುವುದನ್ನು ಆ ಸೊನ್ನೆ ಹೇಳುವುದಿಲ್ಲ. ಅದನ್ನು ಎದುರಿಗೆ ಕೂತವರನ್ನು ನೋಡಿಯೇ ತಿಳಿಯಬೇಕು.

ಇನ್ನು ನೀನು ಗೆಲ್ಲುವ ಆ ಲೆವೆಲ್ಲುಗಳ ವಿಷಯ. ಅಲ್ಲಿ ಕಂಪ್ಯೂಟರಿನ ಬಲವನ್ನು ಬೇಕೆಂದೇ ತಗ್ಗಿಸಿರುತ್ತಾರೆ. ನಾಲ್ಕು ನಡೆ ಗ್ರ್ಯಾಂಡ್‌ಮಾಸ್ಟರ್ ಹಾಗೆ ಆಡಿ ಐದನೆಯದಕ್ಕೆ ಕುದುರೆಯನ್ನು ಪುಕ್ಕಟೆ ಕೊಟ್ಟುಬಿಡುತ್ತದೆ. ಅದು ಕೊಡುವವರೆಗೆ ಕಾಯುವುದನ್ನು ನೀನು ಕಲಿತಿದ್ದೀಯ, ಚೆಸ್ ಆಡುವುದನ್ನಲ್ಲ. ಮನುಷ್ಯರು ಲಾಟರಿ ಎತ್ತಿದ ಹಾಗೆ ತಪ್ಪು ಮಾಡುವುದಿಲ್ಲ. ದೂರದ ಒಂಟೆ ಓರೆಯಲ್ಲಿ ಹಿಂದಕ್ಕೆ ಬರುವುದು ಅವರ ಕಣ್ಣಿಗೆ ಬೀಳುವುದಿಲ್ಲ. ಒಂದು ಕಾಲಾಳು ಗೆದ್ದ ಕೂಡಲೇ ಮೈಮರೆಯುತ್ತಾರೆ. ಗಡಿಯಾರದಲ್ಲಿ ಎರಡು ನಿಮಿಷ ಉಳಿದಾಗ ಯೋಚಿಸದೆ ಚೆಕ್ ಕೊಡುತ್ತಾರೆ. ಸಾಲದ್ದಕ್ಕೆ ಮೊಬೈಲಿನಲ್ಲಿ ನಡೆ ಹಿಂದಕ್ಕೆ ತೆಗೆದುಕೊಳ್ಳುವ ಬಟನ್ ಬೇರೆ. ಇಲ್ಲಿ ನಮ್ಮ ಕ್ಲಬ್ಬಿಗೆ ಬರುವ ಒಬ್ಬ ಹುಡುಗ ಮಂತ್ರಿಯ ತಲೆ ಹಿಡಿದು ಎತ್ತಿದವನು, ಅರ್ಧ ದಾರಿಯಲ್ಲಿ ಗೊತ್ತಾಗಿ, ಗಾಳಿಯಲ್ಲೇ ಹಿಡಿದುಕೊಂಡು ಬೆವರಿದ. ಮುಟ್ಟಿದ ಕಾಯಿ ನಡೆಸಲೇಬೇಕಲ್ಲ. ಈಗ ಅವನು ಯೋಚನೆ ಮುಗಿಯುವ ತನಕ ಎರಡೂ ಕೈ ತೊಡೆಯ ಕೆಳಗಿಟ್ಟುಕೊಂಡು ಕೂರುತ್ತಾನೆ.

ವಿಶ್ವನಾಥನ್ ಆನಂದ್ ಚಿಕ್ಕವರಿದ್ದಾಗ ಮದ್ರಾಸಿನ ಸೋವಿಯತ್ ಸಾಂಸ್ಕೃತಿಕ ಕೇಂದ್ರದಲ್ಲಿದ್ದ ಟಾಲ್ ಚೆಸ್ ಕ್ಲಬ್ಬಿನಲ್ಲಿ ಆಡುತ್ತಿದ್ದರು. ಬ್ಲಿಟ್ಜ್ ಆಟ, ಗೆದ್ದವರು ಕುರ್ಚಿಯಲ್ಲೇ ಕೂರಬಹುದು, ಸೋತವರು ಎದ್ದು ಸಾಲಿಗೆ ಸೇರಬೇಕು. ಕುರ್ಚಿ ಬಿಡಬಾರದೆಂಬ ಹಟ ಮೊಬೈಲಿನ ಎದುರು ಹುಟ್ಟುವುದು ಕಷ್ಟ.

ಹಾಗಂತ ಕಂಪ್ಯೂಟರನ್ನು ಮೂಲೆಗೆ ಎಸೆ ಅನ್ನುತ್ತಿಲ್ಲ. ಕೊನೆಯಾಟದ ಅಭ್ಯಾಸಕ್ಕೆ ಅದರಂಥ ಗುರುವಿಲ್ಲ. ಆನೆ, ಕಾಲಾಳು ನಿನ್ನ ಕಡೆ; ಬರೀ ಆನೆ ಅದರ ಕಡೆ; ಗೆಲ್ಲುವ ಸ್ಥಿತಿ ಇಟ್ಟುಕೊಂಡು ಪೂರ್ತಿ ಬಲದ ಸ್ಟಾಕ್‌ಫಿಶ್ ಎಂಜಿನ್ ಎದುರು ಗೆದ್ದು ತೋರಿಸು. ಅದು ಸುಲಭಕ್ಕೆ ಬಗ್ಗುವುದಿಲ್ಲ. ರಾಜರೂ ಸೇರಿ ಏಳು ಕಾಯಿಯೊಳಗಿನ ಆಟಗಳಿಗೆಲ್ಲ ಖಚಿತ ಉತ್ತರವನ್ನು ಕಂಪ್ಯೂಟರುಗಳು ಲೆಕ್ಕ ಹಾಕಿ ಇಟ್ಟಾಗಿದೆ, ಅಲ್ಲಿ ವಾದಕ್ಕೆ ಜಾಗವಿಲ್ಲ. ಮಿಕ್ಕ ಕಡೆ ಮಾತ್ರ ಅದನ್ನು ತಡವಾಗಿ ಕರೆ. ಗುಕೇಶನಿಗೆ ಕೋಚ್ ಆಗಿದ್ದ ವಿಷ್ಣು ಪ್ರಸನ್ನ ಶುರುವಿನ ವರ್ಷಗಳಲ್ಲಿ ಅವನಿಗೆ ಎಂಜಿನ್ ಮುಟ್ಟಲು ಬಿಡಲಿಲ್ಲ. ಹುಡುಗ ಹನ್ನೆರಡರ ವಯಸ್ಸಿಗೆ ಗ್ರ್ಯಾಂಡ್‌ಮಾಸ್ಟರ್ ಆಗುವುದಕ್ಕೆ ಅದೇನೂ ಅಡ್ಡಿಯಾಗಲಿಲ್ಲ.

ಯಂತ್ರವನ್ನು ವಿಪರೀತ ನಂಬಿದರೂ ಕಷ್ಟವೇ. 1997ರಲ್ಲಿ ನ್ಯೂಯಾರ್ಕಿನಲ್ಲಿ ಡೀಪ್ ಬ್ಲೂ ಎಂಬ ಕಂಪ್ಯೂಟರಿನ ವಿರುದ್ಧ ಎರಡನೇ ಆಟದಲ್ಲಿ ವಿಶ್ವ ಚಾಂಪಿಯನ್ ಕ್ಯಾಸ್ಪರೋವ್ ಸೋಲೊಪ್ಪಿಕೊಂಡು ಎದ್ದು ಹೋದರು. ಮೇಲಿಂದ ಮೇಲೆ ಚೆಕ್ ಕೊಟ್ಟು ಡ್ರಾ ಮಾಡಿಕೊಳ್ಳಲು ನೋಡಬಹುದಿತ್ತು ಅಂತ ಆಮೇಲೆ ಬೇರೆಯವರು ತೋರಿಸಿದರು. ಎದುರಿಗೆ ಮನುಷ್ಯ ಕೂತಿದ್ದರೆ ಅಷ್ಟು ಬೇಗ ಕೈಚೆಲ್ಲುತ್ತಿದ್ದರೆ? ನನಗಂತೂ ಅನುಮಾನ.

ದಸರಾ ರಜೆಗೆ ಇಲ್ಲಿಗೆ ಬಾ. ಕ್ಲಬ್ಬು ಸಂಜೆ ಐದಕ್ಕೆ ತೆರೆಯುತ್ತದೆ. ಆಡಿದ ಆಟವನ್ನೆಲ್ಲ ಬರೆದಿಡಲು ಒಂದು ನೋಟ್‌ಬುಕ್ ತಾ. ಯಾವ ನಡೆಯಲ್ಲಿ ಏನು ಹೆದರಿಕೆಯಾಯಿತು ಅಂತ ಪಕ್ಕದಲ್ಲಿ ಬರಿ. ಎಂಜಿನ್ ತೆರೆಯುವುದು ಅದಾದ ಮೇಲೆ. ಮತ್ತೆ, ಬೆಳಗಿನ ಸುತ್ತಿಗೆ ತಿಂಡಿ ತಿನ್ನದೆ ಹೋಗುತ್ತೀಯಂತೆ. ನಿಮ್ಮತ್ತೆಗೆ ವಿಷಯ ಗೊತ್ತಾಗಿದೆ, ಬಂದಾಗ ಬೈಸಿಕೊಳ್ಳಲು ತಯಾರಾಗಿರು.

ಇಂತಿ,
ನಿನ್ನ ಮಾವ